ವೇಗದ ಹೈಡ್ರೋಜನ್ ಪರಮಾಣು ಗ್ಯಾಸ್‌ಗೆ ಗುದ್ದಿದಾಗ: ಅಯೊನೈಸೇಶನ್ ಅಳೆದ ನನ್ನ ಅನುಭವ

ವೇಗದ ಹೈಡ್ರೋಜನ್ ಪರಮಾಣುಗಳು ಗ್ಯಾಸ್‌ಗೆ ಗುದ್ದಿದಾಗ ಎಷ್ಟು ಅಯೊನೈಸೇಶನ್ (ಎಲೆಕ್ಟ್ರಾನ್ ಕಿತ್ತುಬಂದು ಅಯಾನು ಆಗೋದು) ಆಗುತ್ತೆ ಅಂತ ಅಳೆಯೋದು ನನ್ನ ಕೆಲ್ಸ. ಪ್ರೋಟಾನ್ ಬೀಮ್ ಜೊತೆ ಕೆಲ್ಸ ಮಾಡಿ ಕೈ ಪಳಗಿತ್ತು, ಅದಕ್ಕೇ ಹೈಡ್ರೋಜನ್ ಪರಮಾಣು ಅಂದಾಗ ಇದೂ ಹೆಚ್ಚುಕಮ್ಮಿ ಅದೇ ತರ ಇರುತ್ತೆ ಅಂದ್ಕೊಂಡು ಶುರು ಮಾಡಿದೆ. ಹಾಗಿರಲಿಲ್ಲ. ಪ್ರೋಟಾನ್‌ಗೆ ಚಾರ್ಜ್ ಇದೆ, ಫ್ಯಾರಡೆ ಕಪ್‌ನಲ್ಲಿ (ಚಾರ್ಜ್ ಹಿಡಿದು ಕರೆಂಟ್ ಆಗಿ ತೋರಿಸೋ ಲೋಹದ ಬಟ್ಟಲು) ಹಿಡಿದ್ರೆ ಎಷ್ಟು ಬಂತು ಅಂತ ಮೀಟರ್ರೇ ಹೇಳುತ್ತೆ. ಪರಮಾಣು ಎಷ್ಟು ಬಂದ್ರೂ ಮೀಟರ್ ಅಲ್ಲಾಡಲ್ಲ. ಅದೂ ಅಲ್ದೆ ಪ್ರೋಟಾನ್ ಹತ್ರ ಕಳ್ಕೊಳ್ಳೋಕೆ ಎಲೆಕ್ಟ್ರಾನೇ ಇಲ್ಲ, ಪರಮಾಣು ಹತ್ರ ಒಂದಿದೆ, ಡಿಕ್ಕಿಯಲ್ಲಿ ಎದುರಿನ ಗ್ಯಾಸ್‌ದೂ ಕಿತ್ತುಬರಬಹುದು, ತನ್ನದೂ ಕಳಚಿಹೋಗಬಹುದು. ಪ್ರೋಟಾನ್‌ಗಳು ವಾತಾವರಣಕ್ಕೆ ಬಿದ್ದು ಅರೋರಾ (ಧ್ರುವಗಳ ಹತ್ರ ಆಕಾಶದಲ್ಲಿ ಕಾಣೋ ಬೆಳಕು) ಆಗೋವಾಗ ದಾರೀಲಿ ಪರಮಾಣು ಆಗಿ, ಮತ್ತೆ ಪ್ರೋಟಾನ್ ಆಗಿ, ಹಾಗೇ ಬದಲಾಗ್ತಾ ಹೋಗುತ್ವೆ, ಫ್ಯೂಷನ್ ಯಂತ್ರಗಳಲ್ಲಿ ಪ್ಲಾಸ್ಮಾ ಬಿಸಿ ಮಾಡೋಕೂ ಇಂಥ ನ್ಯೂಟ್ರಲ್ (ಚಾರ್ಜ್ ಇಲ್ಲದ) ಬೀಮೇ ಬೇಕು, ಹಾಗಾಗಿ ಈ ಅಂಕಿಗಳಿಗೆ ಬೆಲೆ ಇದೆ.

ಬೀಮ್ ಮಾಡೋದು ಸುಲಭದ ಭಾಗ. ಪ್ರೋಟಾನ್‌ಗಳನ್ನ ಬೇಕಾದ ಎನರ್ಜಿಗೆ ಏರಿಸಿ ಒಂದು ಗ್ಯಾಸ್ ಸೆಲ್ (ಗ್ಯಾಸ್ ತುಂಬಿದ ಡಬ್ಬಿ) ಮೂಲಕ ಬಿಟ್ರೆ ಕೆಲವು ಅಲ್ಲೇ ಎಲೆಕ್ಟ್ರಾನ್ ಹಿಡ್ಕೊಂಡು ಪರಮಾಣು ಆಗುತ್ವೆ, ವೇಗ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತೆ. ಉಳಿದ ಪ್ರೋಟಾನ್‌ಗಳನ್ನ ಎರಡು ಪ್ಲೇಟ್ ಮಧ್ಯದ ವೋಲ್ಟೇಜ್‌ನಿಂದ ಪಕ್ಕಕ್ಕೆ ಎಳೆದುಬಿಡ್ಬೇಕು. ಈ ಪ್ಲೇಟ್‌ಗಳಿಗೆ ಇನ್ನೊಂದು ಕೆಲ್ಸಾನೂ ಇದೆ: ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ (2s, 2p ಅನ್ನೋವು ಇಂಥ ಸ್ಥಿತಿಗಳು) ಏರಿರೋ ಪರಮಾಣುಗಳನ್ನ ಕೆಳಗಿಳಿಸೋದು. 25 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಪರಮಾಣುವಿನ ವೇಗ ಸೆಕೆಂಡಿಗೆ ಸುಮಾರು 2,200 ಕಿಲೋಮೀಟರ್. 2p ಸ್ಥಿತಿಯಲ್ಲಿರೋದು ನಾಲ್ಕು ಮಿಲಿಮೀಟರ್ ಹೋಗೋಷ್ಟರಲ್ಲೇ ಬಹುಪಾಲು ಕೆಳಗಿಳಿಯುತ್ತೆ, ಆದ್ರೆ 2s ಸ್ಥಿತಿ ತಾನಾಗಿ ಇಳಿಯೋಕೆ ಸುಮಾರು 0.12 ಸೆಕೆಂಡ್ ಬೇಕು, ಅಷ್ಟರಲ್ಲಿ ಅದು ನೂರಾರು ಕಿಲೋಮೀಟರ್ ಹೋಗಬಲ್ಲದು, ಅಂದ್ರೆ ನೇರವಾಗಿ ಡಿಕ್ಕಿ ಅಳೆಯೋ ನನ್ನ ಮುಂದಿನ ಸೆಲ್‌ಗೆ ಬಂದು ಕೂರುತ್ತೆ. ಎಲೆಕ್ಟ್ರಿಕ್ ಫೀಲ್ಡ್ ಸಾಕಷ್ಟು ಇದ್ರೆ 2s ಜೊತೆ 2p ಬೆರೆತು ಅಲ್ಲೇ ಮುಗಿದುಹೋಗುತ್ತೆ. ನಾನು ವೋಲ್ಟೇಜ್ ಏರಿಸ್ತಾ ಏರಿಸ್ತಾ, ಸೆಲ್‌ನ ರೀಡಿಂಗ್ ಬದಲಾಗೋದು ನಿಲ್ಲೋವರೆಗೂ ಹೋದೆ.

ಆಮೇಲೆ ಎಷ್ಟು ಪರಮಾಣು ಬಂತು ಅನ್ನೋ ಲೆಕ್ಕ. ಲೋಹಕ್ಕೆ ಬಡಿದಾಗ ಹೊರಬೀಳೋ ಎಲೆಕ್ಟ್ರಾನ್‌ಗಳನ್ನ ಅಳೆಯೋದು ಬೇಗ ಆಗೋ ದಾರಿ, ಆದ್ರೆ ಪ್ರೋಟಾನ್‌ಗೂ ಪರಮಾಣುಗೂ ಆ ಸಂಖ್ಯೆ ಒಂದೇ ಅಲ್ಲ, ಮೇಲ್ಮೈ ಸ್ವಲ್ಪ ಕೊಳೆಯಾದ್ರೂ ಬದಲಾಗುತ್ತೆ. ಅದಕ್ಕೆ ನಾನು ಬಿಸಿಯನ್ನೇ ಅಳೆದೆ. ತೆಳ್ಳಗಿನ ತಾಮ್ರದ ಹಾಳೆ, ಹಿಂದುಗಡೆ ಥರ್ಮೋಕಪಲ್ (ಬಿಸಿಯನ್ನ ವೋಲ್ಟೇಜ್ ಆಗಿ ತೋರಿಸೋ ತಂತಿ ಜೋಡಿ). 1 ನ್ಯಾನೋ ಆಂಪಿಯರ್‌ಗೆ ಸಮನಾದ ಪರಮಾಣುಗಳು 25 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ತರೋದು ಬರೀ 25 ಮೈಕ್ರೋವಾಟ್, ಯಾರಾದ್ರೂ ಬಾಗಿಲು ತೆಗೆದ್ರೂ ಸೊನ್ನೆ ಜಾರಿಹೋಗ್ತಿತ್ತು. ಬೀಮ್ ಮುಚ್ಚಿ ಸೊನ್ನೆ ನೋಡು, ತೆಗೆದು ಅಳತೆ ನೋಡು, ಮತ್ತೆ ಮುಚ್ಚು, ಇಡೀ ದಿನ ಇದೇ. ಅದೇ ಎನರ್ಜಿಯ ಪ್ರೋಟಾನ್ ಬಿಟ್ಟು ಕ್ಯಾಲಿಬ್ರೇಟ್ ಮಾಡ್ತಿದ್ದೆ.

ಡಿಕ್ಕಿ ನಡೆಯೋ ಸೆಲ್‌ನಲ್ಲಿ ಬೀಮ್‌ನ ಎರಡೂ ಬದಿ ಪ್ಲೇಟ್, ಒಂದಕ್ಕೆ ನಿಧಾನದ ಪಾಸಿಟಿವ್ ಅಯಾನು, ಇನ್ನೊಂದಕ್ಕೆ ಎಲೆಕ್ಟ್ರಾನ್. ಪ್ರೆಶರ್ 10⁻⁴ ಟಾರ್ (ಒತ್ತಡದ ಅಳತೆ) ಹತ್ರ. ಅಷ್ಟರಲ್ಲಿ 5 ಸೆಂಟಿಮೀಟರ್ ಉದ್ದಕ್ಕೆ, ಕ್ರಾಸ್ ಸೆಕ್ಷನ್ (ಡಿಕ್ಕಿ ಆಗೋ ಸಾಧ್ಯತೆಯನ್ನ ಗುರಿಯ ವಿಸ್ತೀರ್ಣವಾಗಿ ಹೇಳೋ ಅಂಕಿ) 10⁻¹⁶ ಚದರ ಸೆಂಟಿಮೀಟರ್ ಇದ್ರೆ ಸಾವಿರ ಪರಮಾಣುಗಳಲ್ಲಿ ಒಂದೋ ಎರಡೋ ಡಿಕ್ಕಿ ಹೊಡೆಯುತ್ತೆ, ಹಾಗಾಗಿ ಒಂದೇ ಪರಮಾಣು ಎರಡು ಸಲ ಗುದ್ದೋ ಭಯ ಇಲ್ಲ. ಪ್ರೆಶರ್ ಡಬಲ್ ಮಾಡಿದ್ರೆ ಕರೆಂಟೂ ಡಬಲ್ ಆಗ್ಬೇಕು, ಆಯ್ತು.

ನನ್ನನ್ನ ದಾರಿ ತಪ್ಪಿಸಿದ್ದು ಮುಂದಿನ ತಾಳೆ. ಎಲೆಕ್ಟ್ರಾನ್ ಕರೆಂಟ್ ಯಾವಾಗ್ಲೂ ಅಯಾನ್ ಕರೆಂಟ್‌ಗಿಂತ ಜಾಸ್ತಿ ಬರ್ತಿತ್ತು, ಬರ್ಲೇಬೇಕು, ಪರಮಾಣು ಕಳಚಿಬಿಟ್ಟ ಎಲೆಕ್ಟ್ರಾನ್‌ಗಳೂ ಅದರಲ್ಲಿ ಸೇರಿರುತ್ವೆ. (ಪರಮಾಣುವಿನಷ್ಟೇ ವೇಗದಲ್ಲಿ ಹೋಗೋ ಎಲೆಕ್ಟ್ರಾನ್‌ನ ಎನರ್ಜಿ 25 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬೀಮ್‌ಗೆ ಸುಮಾರು 13.6 ಎಲೆಕ್ಟ್ರಾನ್ ವೋಲ್ಟ್, ಇವು ಮುಂದಕ್ಕೇ ಓಡುತ್ವೆ, ಪ್ಲೇಟ್ ವೋಲ್ಟೇಜ್ ಕಮ್ಮಿ ಇದ್ರೆ ಸೆಲ್ ದಾಟಿ ತಪ್ಪಿಸ್ಕೊಳ್ಳುತ್ವೆ.) ಚಾರ್ಜ್ ಎಲ್ಲೂ ಮಾಯ ಆಗಲ್ಲ, ಹಾಗಾಗಿ ಆ ಎರಡು ಕರೆಂಟ್‌ಗಳ ವ್ಯತ್ಯಾಸ, ಸೆಲ್ ದಾಟಿ ಬಂದ ಪ್ರೋಟಾನ್‌ಗಳಲ್ಲಿ ನೆಗೆಟಿವ್ ಹೈಡ್ರೋಜನ್ ಅಯಾನ್‌ಗಳನ್ನ (ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಹಿಡ್ಕೊಂಡ ಪರಮಾಣುಗಳು) ಕಳೆದಷ್ಟೇ ಇರ್ಬೇಕು. ನೈಟ್ರೋಜನ್‌ನಲ್ಲಿ ಅಳೆದೆ, ತಾಳೆ ಆಯ್ತು, ಅಂಕಿ ಸರಿ ಅಂತ ಬರೆದಿಟ್ಕೊಂಡೂ ಆಯ್ತು.

ವಾರ ಕಳೆದ್ಮೇಲೆ ಹೊಳೀತು. ಅಯಾನು ಪ್ಲೇಟ್‌ಗೆ ಬಡಿದಾಗ ಅಲ್ಲಿಂದ ಎಲೆಕ್ಟ್ರಾನ್ ಎದ್ದು ಎದುರಿನ ಪ್ಲೇಟ್‌ಗೆ ಹೋದ್ರೆ, ಹೊರಟ ಕಡೆ ಪಾಸಿಟಿವ್ ಜಾಸ್ತಿ ಕಾಣುತ್ತೆ, ಸೇರಿದ ಕಡೆ ನೆಗೆಟಿವ್ ಜಾಸ್ತಿ ಕಾಣುತ್ತೆ, ಎರಡೂ ಅಷ್ಟಷ್ಟೇ. ವ್ಯತ್ಯಾಸ ಹಾಗೇ ಉಳಿಯುತ್ತೆ! ನಾನು ನಂಬಿದ್ದ ತಾಳೆ ಈ ತಪ್ಪನ್ನ ಹಿಡಿಯೋಕೇ ಆಗದಂಥದ್ದು. ಸೆಲ್ ಬಿಚ್ಚಿ ಅಯಾನ್ ಪ್ಲೇಟ್ ಮುಂದೆ ಸಣ್ಣ ತಂತಿಯ ಗ್ರಿಡ್ ಕೂರಿಸಿ, ಪ್ಲೇಟ್‌ಗಿಂತ ಇನ್ನಷ್ಟು ನೆಗೆಟಿವ್ ಕೊಟ್ಟೆ, ಎದ್ದ ಎಲೆಕ್ಟ್ರಾನ್ ವಾಪಸ್ ಪ್ಲೇಟ್‌ಗೇ ಬೀಳೋ ಹಾಗೆ. ಬಯಾಸ್ (ಗ್ರಿಡ್‌ಗೆ ಕೊಟ್ಟ ಆ ವೋಲ್ಟೇಜ್) ಏರಿಸ್ತಾ ಹೋದ ಹಾಗೆ ಎರಡೂ ಮೀಟರ್ ಒಟ್ಟೊಟ್ಟಿಗೆ ಇಳಿದು ಒಂದು ಕಡೆ ನಿಂತ್ವು, ವ್ಯತ್ಯಾಸ ಕದಲಲಿಲ್ಲ. ಅದನ್ನ ಕಣ್ಣಾರೆ ನೋಡ್ದಾಗ ಬೇಜಾರಿಗಿಂತ ಸಮಾಧಾನಾನೇ ಜಾಸ್ತಿ ಆಯ್ತು, ಹಳೇ ರೀಡಿಂಗ್‌ಗಳನ್ನೆಲ್ಲ ಹೊಡೆದುಹಾಕಿ ನೈಟ್ರೋಜನ್‌ನ ಮೊದಲ ಎನರ್ಜಿಯಿಂದ ಮತ್ತೆ ಅಳೆಯೋಕೆ ಕೂತೆ, ಈ ಸಲ ಪ್ರತಿ ಎನರ್ಜಿಗೂ ಗ್ರಿಡ್ ಬಯಾಸ್ ಬದಲಾಯಿಸಿ ನೋಡಿದ್ಮೇಲೇ ಅಂಕಿ ಬರೀತಿದ್ದೆ.