ಗುಡ್ಡದ ಬುಡದಲ್ಲಿ ತೆಂಗಿನ ಬೊಡ್ಡೆ ಸುಡುವಾಗ

ತೋಟದಲ್ಲಿ ಬೀಳುವ ಗರಿ, ಮಟ್ಟೆ, ಹೊಂಬಾಳೆ ಯಾವುದನ್ನೂ ನಾನು ಸುಡುವುದಿಲ್ಲ. ಪಾತಿಗೆ ಹಾಸಿದರೆ ತೇವ ನಿಲ್ಲುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಸುಡಲೇಬೇಕಾದದ್ದು ಅಣಬೆ ರೋಗಕ್ಕೆ ಸತ್ತ ಮರದ ಬೊಡ್ಡೆ ಮತ್ತು ಬೇರು. ತುಮಕೂರು ಸೀಮೆಯ ತೆಂಗಿನವರಿಗೆ ಈ ರೋಗ ಹೊಸದಲ್ಲ. ಅದು ಬೇರಿನಿಂದ ಬೇರಿಗೆ ದಾಟುವುದರಿಂದ ಬೊಡ್ಡೆಯನ್ನು ಅಗೆದು ಅಲ್ಲೇ ಸುಡಬೇಕು. ಆ ಕೆಲಸಕ್ಕೆ ಬಿಡುವು ಸಿಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ದೇವರಾಯನದುರ್ಗದ ಸುತ್ತಿನ ಗುಡ್ಡಗಳಲ್ಲಿ ಬಾದೆ ಹುಲ್ಲು ಒಣಗಿ ನಿಂತಿರುವುದೂ ಆಗಲೇ.

ದಿನ ಗೊತ್ತುಮಾಡುವಾಗ ನಾನು ನೋಡುವುದು ಬಿಸಿಲಿಗಿಂತ ಹೆಚ್ಚಾಗಿ ಗಾಳಿಯ ತೇವಾಂಶವನ್ನು. ಪಂಪ್ ಮನೆಯ ನೆರಳಲ್ಲಿ ಒಂದು ಸಣ್ಣ ಡಿಜಿಟಲ್ ಮಾಪಕ ತೂಗುಹಾಕಿದ್ದೇನೆ. ಶೇ. 40ಕ್ಕಿಂತ ಕಡಿಮೆ ತೋರಿಸಿದರೆ ಕಡ್ಡಿ ಗೀರುವುದಿಲ್ಲ. 30ರ ಕೆಳಗಿದ್ದರೆ ಹಾರಿದ ಕಿಡಿಯೆಲ್ಲ ಹತ್ತಿಕೊಳ್ಳುತ್ತದೆ ಎಂದೇ ಲೆಕ್ಕ. ‘ನಿನ್ನೆ ತಾನೇ ಮಳೆ ಬಿತ್ತಲ್ಲ’ ಎಂಬ ಧೈರ್ಯ ಬೇಡ. ದಪ್ಪ ದಿಮ್ಮಿ ದಿನಗಟ್ಟಲೆ ತೇವ ಹಿಡಿದಿಡುತ್ತದೆ, ಒಣಹುಲ್ಲು ಹಾಗಲ್ಲ. ಒಂದೆರಡು ಗಂಟೆ ಬಿಸಿಲು ಬಿದ್ದರೆ ಮತ್ತೆ ಗರಿಗರಿ.

ಗಾಳಿಯನ್ನು ಎಲೆಯಲ್ಲಿ ಓದಬಹುದು. ಎಲೆ ಮಾತ್ರ ಅಲುಗಿದರೆ ಸರಿ. ಸಣ್ಣ ರೆಂಬೆಯೂ ಬಿಡದೆ ಆಡುತ್ತಿದ್ದರೆ ಗಂಟೆಗೆ 12 ಕಿ.ಮೀ. ದಾಟಿದೆ ಎಂದರ್ಥ, ಅವತ್ತು ಕೆಲಸ ಇಲ್ಲ. ಗುಡ್ಡದ ಬುಡದಲ್ಲಿ ಇನ್ನೊಂದು ಲೆಕ್ಕವಿದೆ. ಹಗಲಿಡೀ ಕಾದ ಇಳಿಜಾರಿನ ಮೇಲೆ ಗಾಳಿ ಮೇಲಕ್ಕೆ ಏರುತ್ತದೆ, ಹೊತ್ತು ಮುಳುಗಿದ ಮೇಲೆ ತಣ್ಣಗಾಗಿ ಕೆಳಕ್ಕೆ ಇಳಿಯುತ್ತದೆ. ಬೆಂಕಿಯೂ ಏರಿನಲ್ಲಿ ಬಲು ಚುರುಕು. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಓಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೆಳಿಗ್ಗೆ ಹಚ್ಚುವವರು ಬಹಳ ಮಂದಿ. ನನಗದು ಒಪ್ಪಿಗೆಯಿಲ್ಲ: ಗಂಟೆ ಕಳೆದಂತೆ ತೇವ ಇಳಿದು ಗಾಳಿ ಏಳುತ್ತದೆ. ಸಂಜೆಯಾದರೆ ಎರಡೂ ನಮ್ಮ ಪರ. ಊದುಬತ್ತಿ ಹೊಗೆ ಗುಡ್ಡ ಬಿಟ್ಟು ತೋಟದ ಕಡೆ ವಾಲಿದ ಮೇಲೇ ಹಚ್ಚುತ್ತೇನೆ. ಏಪ್ರಿಲ್‌ನಲ್ಲಿ ಮೋಡ ಕಟ್ಟಿ ದೂರದಲ್ಲಿ ಗುಡುಗಿದರೆ ಈ ಲೆಕ್ಕವೆಲ್ಲ ತಲೆಕೆಳಗು, ಮಳೆಗೆ ಮುಂಚೆ ಬರುವ ಬಿರುಗಾಳಿಗೆ ದಿಕ್ಕೇ ಇಲ್ಲ.

ಬೊಡ್ಡೆಯನ್ನು ನಾಲ್ಕಾಗಿ ಸೀಳಿ ಮೂರು ವಾರ ಒಣಗಿಸಬೇಕು. ಹಸಿಯದು ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಅಗೆದ ಗುಂಡಿಯನ್ನೇ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡೂವರೆ ಅಡಿ ಆಳಕ್ಕೆ ಸರಿಮಾಡಿಕೊಳ್ಳುತ್ತೇನೆ. ಗೋಡೆಯಲ್ಲಿ ಚಾಚಿದ ಬೇರುಗಳನ್ನು ಸವರಿಬಿಡಬೇಕು, ಇಲ್ಲದಿದ್ದರೆ ಕೆಂಡ ಒಣಬೇರು ಹಿಡಿದು ಮಣ್ಣೊಳಗೇ ಸಾಗುತ್ತದೆ. ಸುತ್ತ ಹತ್ತು ಅಡಿ, ಗುಡ್ಡದ ಕಡೆಗೆ ಇಪ್ಪತ್ತು ಅಡಿ ಹುಲ್ಲು ಕೆತ್ತಿ ಕೆಂಪು ಮಣ್ಣು ಕಾಣಿಸಬೇಕು. ಡ್ರಿಪ್ ಪೈಪ್ ಮೊದಲೇ ಎಳೆದು ಬದಿಗಿಡಿ. ವಿದ್ಯುತ್ ತಂತಿಯ ಕೆಳಗಂತೂ ಬೇಡವೇ ಬೇಡ. ಜೊತೆಗೆ ಇಬ್ಬರು ಆಳು, 200 ಲೀಟರ್‌ನ ಎರಡು ಡ್ರಮ್ ನೀರು, 16 ಲೀಟರ್‌ನ ಔಷಧಿ ಹೊಡೆಯುವ ಕ್ಯಾನ್ ಎರಡು (ಕಳೆನಾಶಕಕ್ಕೆ ಬಳಸಿದ್ದಾದರೆ ಚೆನ್ನಾಗಿ ತೊಳೆದು), ಹಾರೆ, ಸನಿಕೆ, ಬಡಿಯಲು ಹೊಂಗೆಯ ಹಸಿ ಕೊಂಬೆ. ಹೊತ್ತಿಸಲು ಒಣಗರಿ ಸಾಕು. ಪೆಟ್ರೋಲ್ ಎರಚಿದರೆ ಅದರ ಆವಿ ಗುಂಡಿಯಲ್ಲೇ ಕೂತಿದ್ದು, ಕಡ್ಡಿ ಗೀರಿದವನ ಮುಖಕ್ಕೇ ಭಗ್ಗೆನ್ನುತ್ತದೆ. ಸೀಳುಗಳನ್ನು ಒಂದೇ ಸಲ ತುಂಬದೆ ಎರಡೆರಡೇ ಹಾಕಬೇಕು.

ಹಚ್ಚುವ ಮೊದಲು ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ ಜಾಗ, ಹೊತ್ತು ಹೇಳಿಡುತ್ತೇನೆ. ಹೊಗೆ ಕಂಡ ಯಾರೋ 101ಕ್ಕೆ ಕರೆ ಮಾಡಿ, ಬೇರೆಲ್ಲೋ ಬೇಕಾದ ಗಾಡಿ ಇಲ್ಲಿಗೆ ಬರಬಾರದು. ನಿಜಕ್ಕೂ ಕೈಮೀರಿದರೆ ಮಾತ್ರ ತಡಮಾಡದೆ 101 ಅಥವಾ 112. ಕಾಡಿನತ್ತ ಹೊರಟರೆ ಅರಣ್ಯ ಇಲಾಖೆಯ 1926ಕ್ಕೂ ತಿಳಿಸಬೇಕು. ಸರ್ವೆ ನಂಬರ್ ಹೇಳಿ ಪ್ರಯೋಜನವಿಲ್ಲ. ಯಾವ ರಸ್ತೆ, ಯಾವ ಗುಡಿ ಅಥವಾ ಡೇರಿ ಪಕ್ಕ ತಿರುಗಬೇಕು, ಓಣಿಯಲ್ಲಿ ಲಾರಿ ಹಿಡಿಸುತ್ತದೆಯೇ, ನೀರು ಎಲ್ಲಿದೆ ಎಂಬುದನ್ನು ಹೇಳಿ, ತಿರುವಿನಲ್ಲಿ ಒಬ್ಬನನ್ನು ನಿಲ್ಲಿಸಿ. ಸಾಮಾನ್ಯ ಗಾಡಿಯಲ್ಲಿ ಸುಮಾರು 4,500 ಲೀಟರ್ ನೀರಿರುತ್ತದೆ, ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತೇ ನಿಮಿಷ. ಆಮೇಲೆ ಬೇಕಾಗುವುದು ಪಕ್ಕದ ಕೃಷಿಹೊಂಡ. ಅಲ್ಲಿಗೆ ಗಾಡಿ ಹೋಗುವ ದಾರಿಯಿದ್ದರೆ ಅದೇ ದೊಡ್ಡ ಉಪಕಾರ.

ಉರಿ ಅಡಗಿದ ಮೇಲಿನದೇ ಕಷ್ಟದ ಕೆಲಸ. ತೆಂಗಿನ ನಾರು ಮೇಲೆ ಬಿಳಿ ಬೂದಿ ಹೊದ್ದು ಒಳಗೆ ಎರಡು ಮೂರು ದಿನ ಕೆಂಡವಾಗಿರುತ್ತದೆ. ಮೇಲಿನಿಂದ ನೀರು ಸುರಿದರೆ ಹರಿದುಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಹಾರೆಯಿಂದ ಮಗುಚಿ, ನೀರು ಹಾಕಿ, ಮಣ್ಣು ಬೆರೆಸಿ ಕೆಸರು ಮಾಡಬೇಕು, ಮತ್ತೆ ಮಗುಚಬೇಕು. ಕತ್ತಲಾದ ಮೇಲೆ ಟಾರ್ಚ್ ಆರಿಸಿ ನೋಡಿದರೆ ಹಗಲು ಕಾಣದ ಕೆಂಡ ಕಾಣುತ್ತದೆ. ಬರೀ ಒಣಮಣ್ಣು ಮುಚ್ಚಿ ಹೋದರೆ ಬೆಂಕಿ ಸಾಯುವುದಿಲ್ಲ, ಬಿಸಿ ಹಿಡಿದು ಕೂರುತ್ತದೆ. ಮಾರನೆಯ ದಿನ ಮಧ್ಯಾಹ್ನ, ಗಾಳಿ ಎದ್ದು ತೇವ ಇಳಿದಿರುವ ಹೊತ್ತಿಗೆ ಮತ್ತೆ ಹೋಗಿ ಅಂಗೈಯ ಹಿಂಬದಿಯನ್ನು ಬೂದಿಯ ಮೇಲೆ ಹಿಡಿದು ನೋಡುತ್ತೇನೆ. ತಣ್ಣಗಿದ್ದರೆ ಬೆರಳು ಇಳಿಸಿ ಒಳಗೂ ನೋಡುತ್ತೇನೆ. ಎಲ್ಲಾದರೂ ಬೆಚ್ಚಗೆನಿಸಿದರೆ ಇನ್ನೆರಡು ಕ್ಯಾನ್ ನೀರು.