ಫಾಸ್ಟ್ಯಾಗ್ ಇರಬೇಕಾದ್ದು ಗಾಜಿನ ಮೇಲೆ, ಕೈಯಲ್ಲಲ್ಲ

ಹಾಸನದಿಂದ ಬೆಂಗಳೂರಿಗೆ ಹೋಗುವಾಗ ಶಾಂತಿಗ್ರಾಮದಲ್ಲಿ ಟೋಲ್ ಸಿಗುತ್ತದೆ. ಹೋದ ವಾರ ಅಲ್ಲಿ ನನ್ನ ಮುಂದಿನ ಕಾರಿನ ಹಿರಿಯರೊಬ್ಬರು ಫಾಸ್ಟ್ಯಾಗನ್ನು, ಅಂದರೆ ಟೋಲ್ ದುಡ್ಡು ತಾನಾಗಿ ಕಟ್ ಆಗಲು ಗಾಜಿಗೆ ಅಂಟಿಸುವ ಚೀಟಿಯನ್ನು, ಕೈಯಲ್ಲಿ ಹಿಡಿದು ಗಾಜಿಗೆ ಒತ್ತಿಕೊಂಡಿದ್ದರು. ಗೇಟ್ ಏಳಲಿಲ್ಲ. ಸ್ವಲ್ಪ ಮೇಲೆ ಹಿಡಿದರು, ಆಮೇಲೆ ಎಡಕ್ಕೆ. ಟೋಲ್ ಹುಡುಗ ಕೈಮೆಷಿನ್ ತಂದು, "ಅಂಕಲ್, ಹಂಗೇ ಹಿಡ್ಕೊಳ್ಳಿ, ಅಲ್ಲಾಡಿಸ್ಬೇಡಿ" ಅಂದ. ಹಿಂದೆ ಆಗಲೇ ಉದ್ದ ಸಾಲು. ಈ ದೃಶ್ಯ ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಟ್ಯಾಗ್ ಕೊಳ್ಳುವುದು. 2017ರ ಡಿಸೆಂಬರ್ 1ರ ನಂತರ ಮಾರಾಟವಾದ ಹೊಸ ಕಾರುಗಳಿಗೆ ಟ್ಯಾಗ್ ಜೊತೆಗೇ ಬರುತ್ತದೆ. ಹಳೆಯ ಗಾಡಿಗಾದರೆ ಆರ್‌ಸಿ, ಗುರುತಿನ ಚೀಟಿ ಹಿಡಿದು ನಿಮ್ಮ ಖಾತೆ ಇರುವ ಬ್ಯಾಂಕಿಗೇ ಹೋಗಿ. ರಸ್ತೆ ಬದಿ ಛತ್ರಿ ಕೆಳಗೆ ಮಾರುವವರ ಹತ್ತಿರ ಬೇಡ. ಅವಸರದಲ್ಲಿ ಬೇರೆ ಯಾರದೋ ಮೊಬೈಲ್ ನಂಬರ್ ಸೇರಿಬಿಟ್ಟರೆ ಒಟಿಪಿಯೂ ಬರುವುದಿಲ್ಲ, ದುಡ್ಡು ಕಟ್ ಆದ ಮೆಸೇಜೂ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಳೆಯ ಮಾಲೀಕರ ಟ್ಯಾಗ್ ಮುಚ್ಚಿಸಿ. ಒಂದು ಗಾಡಿಗೆ ಒಂದೇ ಟ್ಯಾಗ್.

ಹೊಸ ಕಾರಿನವರಿಗೆ ಇನ್ನೊಂದು ಮಾತು. ಶೋರೂಮಿನಲ್ಲಿ ಟ್ಯಾಗ್ ಕೊಡುವಾಗ ಎಷ್ಟೋ ಸಲ ಚಾಸಿ ನಂಬರ್ ಮೇಲೆ ಕೊಟ್ಟಿರುತ್ತಾರೆ. ಗಾಡಿಗೆ ನಂಬರ್ ಬಂದ ಮೇಲೆ ಅದನ್ನು ಬ್ಯಾಂಕಿನಲ್ಲಿ ನೀವೇ ಸೇರಿಸಬೇಕು. ಆ ಕೆಲಸವನ್ನು ಬಹಳ ಜನ ಮರೆಯುತ್ತಾರೆ.

ಇನ್ನು ಅಂಟಿಸುವುದು. ಜಾಸ್ತಿ ಜನ ಎಡವುವುದು ಇಲ್ಲೇ. ಈ ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ಒಂದು ಸಣ್ಣ ಚಿಪ್, ಅದಕ್ಕೆ ಸೇರಿದ ತೆಳ್ಳನೆ ಲೋಹದ ಆಂಟೆನಾ, ಅಷ್ಟೇ. ಗೇಟಿನ ಮೇಲಿರುವ ರೀಡರ್ ಕಳಿಸುವ ರೇಡಿಯೊ ಅಲೆಯೇ ಅದಕ್ಕೆ ಶಕ್ತಿ ಕೊಡುತ್ತದೆ. ಆಂಟೆನಾ ಮೇಲೆ ನಿಮ್ಮ ಬೆರಳು ಇದ್ದರೂ, ಪಕ್ಕದಲ್ಲಿ ಲೋಹ ಇದ್ದರೂ ಆ ಅಲೆ ಕುಗ್ಗುತ್ತದೆ. ಕೈಯಲ್ಲಿ ಹಿಡಿದ ಟ್ಯಾಗ್ ಕೈಕೊಡುವುದು ಅದಕ್ಕೇ.

ಜಾಗ ಎಲ್ಲಿ? ಗಾಜಿನ ಒಳಗಡೆ, ನಡುವೆ, ಹಿಂದಿನದು ನೋಡುವ ಕನ್ನಡಿಯ ಹಿಂಭಾಗ. ಮೇಲಿನ ಲೋಹದ ಅಂಚಿಗೆ ತಾಗದಂತೆ ನಾಲ್ಕು ಬೆರಳು ಕೆಳಗಿರಲಿ. ಕನ್ನಡಿ ಹಿಂದೆ ಕ್ಯಾಮೆರಾ ಇದ್ದರೆ ಅದಕ್ಕೆ ಅಡ್ಡ ಬರದಂತೆ ಪಕ್ಕಕ್ಕೆ ಸರಿಸಿ. ನಮ್ಮೂರಿನ ಗಾಡಿಗಳ ಗಾಜಿನ ಮೇಲ್ಭಾಗದಲ್ಲಿ 'ಶ್ರೀ ಹಾಸನಾಂಬೆ ಪ್ರಸನ್ನ' ಅಂತ ಪಟ್ಟಿ ಇರುತ್ತದೆ ಅಲ್ವಾ? ಆ ಪಟ್ಟಿಯ ಹಿಂದೆ ಬೇಡ. ಕಪ್ಪು ಚುಕ್ಕಿಗಳಿರುವ ಅಂಚಿನ ಮೇಲೂ ಬೇಡ, ಸನ್ ಫಿಲಂ ಮೇಲಂತೂ ಬೇಡವೇ ಬೇಡ.

ಗಾಜು ಒಣಗಿರಬೇಕು. ಸಕಲೇಶಪುರ, ಮೂಡಿಗೆರೆ ಕಡೆ ಬೆಳಗಿನ ಮಂಜಿಗೆ ಗಾಜಿನ ಒಳಗೂ ಹನಿ ಕಟ್ಟಿರುತ್ತದೆ. ಬಟ್ಟೆಯಲ್ಲಿ ಒರೆಸಿದರೂ ಸಣ್ಣ ತೇವ ಉಳಿಯುತ್ತದೆ. ಆಗ ಅಂಟಿಸಿದರೆ ಎರಡೇ ದಿನಕ್ಕೆ ಮೂಲೆ ಏಳುತ್ತದೆ. ಮಧ್ಯಾಹ್ನ ಅಂಟಿಸಿ. ಮಳೆಗಾಲವಾದರೆ ಹತ್ತು ನಿಮಿಷ ಹೀಟರ್ ಬಿಸಿ ಗಾಳಿಯನ್ನು ಗಾಜಿಗೆ ಬಿಡಿ. ಡ್ಯಾಶ್‌ಬೋರ್ಡ್ ಪಾಲಿಶ್ ತಾಗಿದ ಬಟ್ಟೆಯಲ್ಲಿ ಒರೆಸಬೇಡಿ, ಅದರ ಜಿಡ್ಡಿಗೆ ಯಾವ ಅಂಟೂ ಹಿಡಿಯುವುದಿಲ್ಲ.

ಪೇಪರ್ ಕೀಳುವ ಮುಂಚೆ ಟ್ಯಾಗ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಒಂದೇ ಸಲಕ್ಕೆ ನೇರವಾಗಿ ಇಟ್ಟು, ಹೆಬ್ಬೆರಳಿನಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಹೋಗಿ. ಸೊಟ್ಟ ಆಯಿತು ಅಂತ ಕಿತ್ತರೆ ಆಂಟೆನಾ ಹರಿಯುತ್ತದೆ, ಟ್ಯಾಗ್ ಸತ್ತಂತೆ. ಸೊಟ್ಟಗಿದ್ದರೂ ಓದುತ್ತದೆ, ಬಿಟ್ಟುಬಿಡಿ. ಶಿರಾಡಿಯಲ್ಲಿ ಲಾರಿ ಚಕ್ರದ ಕಲ್ಲು ಹಾರಿ ಗಾಜು ಬದಲಾಯಿಸಬೇಕಾಗಿ ಬಂದರೂ ಅಷ್ಟೇ, ಹಳೆಯ ಟ್ಯಾಗ್ ಕಿತ್ತು ಹೊಸ ಗಾಜಿಗೆ ಹಾಕಲು ಹೋಗಬೇಡಿ. ಬ್ಯಾಂಕಿನಿಂದ ಬದಲಿ ಟ್ಯಾಗ್ ತನ್ನಿ.

ಆಕ್ಸೆಸರಿ ಅಂಗಡಿಗಳಲ್ಲಿ ರಬ್ಬರ್ ಬಟ್ಟಲಿನಿಂದ ಗಾಜಿಗೆ ಕಚ್ಚುವ ಪ್ಲಾಸ್ಟಿಕ್ ಕವರ್ ಮಾರುತ್ತಾರೆ. ಒಂದೇ ಟ್ಯಾಗನ್ನು ಎರಡು ಗಾಡಿಗೆ ಬಳಸಬಹುದು ಅನ್ನುವ ಆಸೆಗೆ ಅದನ್ನು ಕೊಳ್ಳುವವರಿದ್ದಾರೆ. ಸುಮ್ನೆ ದುಡ್ಡು ದಂಡ. ಗಾಜಿಗೆ ಅಂಟಿಸದ ಟ್ಯಾಗನ್ನು ಕಪ್ಪುಪಟ್ಟಿಗೆ, ಅಂದರೆ ಗೇಟಿನಲ್ಲಿ ನಡೆಯದ ಟ್ಯಾಗ್‌ಗಳ ಪಟ್ಟಿಗೆ, ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲೇ ಹೇಳಿದೆ.

ರೀಚಾರ್ಜ್ ಸುಲಭ, ಯಾವುದೇ ಯುಪಿಐ ಆ್ಯಪ್‌ನಲ್ಲಿ ಆಗುತ್ತದೆ. ಆದರೆ ಹಿಂದಿನ ರಾತ್ರಿಯೇ ಮಾಡಿ. ಗೇಟಿನ ರೀಡರ್ ಓದುವುದಕ್ಕೆ ಮುಂಚಿನ 60 ನಿಮಿಷದಿಂದ ಓದಿದ ಮೇಲಿನ 10 ನಿಮಿಷದವರೆಗೂ ಟ್ಯಾಗ್ ದುಡ್ಡು ಸಾಲದೆ ಕಪ್ಪುಪಟ್ಟಿಯಲ್ಲೇ ಇದ್ದರೆ ಪಾವತಿ ತಿರಸ್ಕಾರವಾಗುತ್ತದೆ. 2025ರ ಫೆಬ್ರವರಿ 17ರಿಂದ ಬಂದ ನಿಯಮ ಇದು. ಗೇಟಿನ ಮುಂದೆ ನಿಂತು ಮೊಬೈಲ್ ತಡಕಾಡುವವರು ಇದನ್ನು ನೆನಪಿಡಬೇಕು.

ವಾರ ವಾರ ಬೆಂಗಳೂರಿಗೆ ಓಡಾಡುವವರು ವಾರ್ಷಿಕ ಪಾಸ್ ಮಾಡಿಸಿಕೊಳ್ಳಿ. 2025ರ ಆಗಸ್ಟ್ 15ರಂದು ಶುರುವಾದಾಗ ಅದರ ಬೆಲೆ 3,000 ರೂಪಾಯಿ. 200 ಟ್ರಿಪ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ, ಹಳದಿ ಬೋರ್ಡಿಗಿಲ್ಲ. ಚಾಸಿ ನಂಬರಿನಲ್ಲೇ ಉಳಿದ ಟ್ಯಾಗಿಗೂ ಇಲ್ಲ.

ಗೇಟಿನಲ್ಲಿ ಟ್ಯಾಗ್ ಕೆಲಸ ಮಾಡದಿದ್ದರೆ 2025ರಲ್ಲಿ ನಗದಿಗೆ ದುಪ್ಪಟ್ಟು ಇತ್ತು. 2025ರ ನವೆಂಬರ್ 15ರಿಂದ ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು, ಹಾಗಾಗಿ ಯುಪಿಐನಲ್ಲೇ ಕೊಡಿ. ಆದರೆ ನಿಮ್ಮ ಟ್ಯಾಗ್ ಸರಿಯಿದ್ದು, ದುಡ್ಡೂ ಇದ್ದು, ಅವರ ಯಂತ್ರವೇ ಕೆಟ್ಟಿದ್ದರೆ ನೀವು ಏನೂ ಕೊಡಬೇಕಿಲ್ಲ. 2018ರಿಂದಲೇ ಈ ನಿಯಮ ಇದೆ. ಶೂನ್ಯ ಮೊತ್ತದ ರಸೀದಿ ಕೇಳಿ ಪಡೆಯಿರಿ. ಕೊಡದಿದ್ದರೆ ಗಾಡಿ ಬದಿಗೆ ಹಾಕಿ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.