ಸುರಂಗ ತೋಡಿ ಬರೆ ನಿಲ್ಲಿಸಿದ್ದು

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಮನೆ ಹಿಂದೆ 30 ಅಡಿಯ ಬರೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆ. ಮೇಲೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಕೆಳಗೆ ಶೇಡಿ ಎಂಬ ಅಂಟು ಬಿಳಿ ಮಣ್ಣು. ಮಳೆಗೆ ಯಾವಾಗ ಜಾರುತ್ತದೋ ಎಂಬ ಹೆದರಿಕೆ. ನಾಲ್ಕು ಮಳೆಗಾಲ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಈ ಸಲ ಮಾಡಿದೆ.

ಮೊದಲು ಹೋದ ದುಡ್ಡಿನ ಲೆಕ್ಕ. ಕಲ್ಲಿನ ಗೋಡೆಗೆ ಮುಕ್ಕಾಲು ಲಕ್ಷದಷ್ಟು. ಹಿಂದಿನ ನೀರು ಹೊರಬರಲು ಪೈಪ್ ಇಡಿಸಿರಲಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗೋಡೆಯ ಹೊಟ್ಟೆ ಮುಂದೆ ಬಂತು, ಮೂರನೇ ದಿನ ಮಗುಚಿತು. ಮರುವರ್ಷ ಟರ್ಪಾಲು, ಎಂಟು ಸಾವಿರ. ಆದರೂ ಒಸರು ನಿಲ್ಲಲಿಲ್ಲ. ಬಾವಿಗೆ ನೀರಾಗಲೆಂದು ಮೇಲಿನ ಗುಡ್ಡೆಯಲ್ಲಿ ನಾನೇ ಇಪ್ಪತ್ತು ಇಂಗುಗುಂಡಿ ತೋಡಿಸಿದ್ದೆ. ಮುರಕಲ್ಲು ನೀರು ಕುಡಿದು ಕೆಳಗೆ ಬಿಡುತ್ತದೆ, ಶೇಡಿ ಬಿಡುವುದಿಲ್ಲ. ನೀರು ಅಲ್ಲೇ ನಿಂತು ಮಣ್ಣು ಜಾರುತ್ತದೆ. ಗುಂಡಿಗಳನ್ನೆಲ್ಲ ಮುಚ್ಚಿಸಿದೆ.

ಅಜ್ಜಂದಿರು ಕುಡಿಯುವ ನೀರಿಗೆ ಗುಡ್ಡೆಯೊಳಗೆ ಅಡ್ಡಲಾಗಿ ತೋಡುತ್ತಿದ್ದಂಥ ಸುರಂಗವನ್ನೇ ಬರೆಯ ನೀರು ಬಸಿಯಲು ತೋಡಿದರೆ? "ಅಡಿಗೆ ತೂತು ಕೊರೆದರೆ ಗುಡ್ಡೆ ಮನೆ ಮೇಲೆಯೇ ಬೀಳ್ತದೆ ಮಾರಾಯ" ಎಂದರು ನೆರೆಮನೆಯ ಮಾವ. ಬರೆಯ ಬುಡದಲ್ಲಿ ಕೊರೆದರೆ ನಿಜ. ನಾವು ಪಕ್ಕದ ಗಟ್ಟಿ ಮುರಕಲ್ಲಿನಿಂದ ಒಳಹೊಕ್ಕೆವು.

ಮಾರ್ಚ್‌ನಲ್ಲಿ ಶುರು. ಒಟ್ಟು 18 ಕೋಲು (ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ), ಕೋಲಿಗೆ ಸುಮಾರು ಎರಡೂವರೆ ಸಾವಿರ. ಹನ್ನೊಂದನೇ ಕೋಲಿನಲ್ಲಿ ಮೇಣದ ಬತ್ತಿ ಆರಿತು. ಕೂಡಲೇ ಹೊರಗೆ ಬಂದು, ಫ್ಯಾನ್ ಇಟ್ಟು ಗಾಳಿ ಹೊಡೆಸಿದೆವು. ಹದಿನಾಲ್ಕರಲ್ಲಿ ಗೋಡೆ ಬೆವರಿತು. ಬೆರಳಿಟ್ಟರೆ ಬಿಳಿ ಮಣ್ಣು ತಣ್ಣಗೆ, ಬೆಣ್ಣೆಯ ಹಾಗೆ ಅಂಟಿತು. ಏನು ನೋಡಿ ಅಲ್ಲಿಂದ ಎಡಕ್ಕೆ ತಿರುಗಿಸಿದೆವು ಎಂದು ಬರೆಯುವುದಿಲ್ಲ. ಅದು ತೋಡಿದವರ ವಿದ್ಯೆ, ಅವರೇ ಹೇಳಬೇಕು.

ನಡುವೆ ಲಾವಂಚವನ್ನೂ ನೆಟ್ಟೆ. ನೆರಳಿನಲ್ಲಿದ್ದದ್ದು ಸತ್ತಿತು, ಬಿಸಿಲಿನದ್ದು ಚೆನ್ನಾಗಿ ಹಿಡಿದಿದೆ. ಬೇರು ಶೇಡಿ ತನಕ ಇಳಿದಿಲ್ಲ.

ಬರೆಯ ತಲೆಯ ಬಿರುಕಿನ ಎರಡೂ ಬದಿಗೆ ಕಬ್ಬಿಣದ ಸರಳು ಹೊಡೆದು ದಿನಾ ಬೆಳಿಗ್ಗೆ ಟೇಪ್ ಹಿಡಿಯುತ್ತೇನೆ. ಹೋದ ವರ್ಷ ಒಂದೇ ವಾರದಲ್ಲಿ ನಾಲ್ಕು ಬೆರಳು ಅಗಲವಾಗಿತ್ತು. ಮಳೆಯನ್ನೂ ಅಳೆಯುತ್ತೇನೆ. ಒಂದು ದಿನದ್ದಕ್ಕಿಂತ ಮೂರು ದಿನದ ಒಟ್ಟು ಲೆಕ್ಕಕ್ಕೇ ನಾನು ಜಾಸ್ತಿ ಹೆದರುವುದು. ಈ ಜುಲೈನಲ್ಲಿ ಮೂರು ದಿನಕ್ಕೆ 400 ಮಿ.ಮೀ. ಹತ್ತಿರ ಬಂತು. ಚೀಲ ಕಟ್ಟಿಟ್ಟಿದ್ದೆವು, ಸುರಂಗದ ನೀರು ಕದಡಿದರೆ ಹೊರಡುವುದೆಂದು. ರಾತ್ರಿ ಟಾರ್ಚ್ ಹಿಡಿದು ಹೋದೆ. 15 ಲೀಟರಿನ ಬಕೆಟ್ ಅರ್ಧ ನಿಮಿಷದಲ್ಲಿ ತುಂಬಿತು. ನೀರು ತಿಳಿಯಾಗಿತ್ತು, ಬಕೆಟಿನ ತಳ ಕಾಣುತ್ತಿತ್ತು. ಬೆಳಿಗ್ಗೆ ಅಳೆದರೆ ಸರಳು ನೂಲಿನಷ್ಟೂ ಸರಿದಿರಲಿಲ್ಲ.

ಆ ನೀರನ್ನು ಈಗ ಪೈಪಿನಲ್ಲಿ ಕೆಳಗಿನ ಅಡಿಕೆ ತೋಟದ ಟ್ಯಾಂಕಿಗೆ ಬಿಟ್ಟಿದ್ದೇನೆ. ಡಿಸೆಂಬರ್ ತನಕ ಬಂದರೆ ತಿಳಿಸುತ್ತೇನೆ.